ಒಲೆ ಇರುವ ಗಾಡಿ

ಬಾಹುಬಲಿ ಅಳತೆಯ ಟೇಪು ಹಿಡಿದುಕೊಂಡು ಅಡುಗೆಮನೆಗೆ ಬಂದು, ಒಲೆಯ ಕಟ್ಟೆ ನೆಲದಿಂದ ಎಷ್ಟು ಎತ್ತರ ಇದೆ ಎಂದು ನೋಡತೊಡಗಿದಾಗ ಅಲಕಾಳಿಗೆ ಮೈಯೆಲ್ಲ ಉರಿದುಹೋಯಿತು. ರೊಟ್ಟಿ ಬಡಿಯುತ್ತಿದ್ದ ಕೈ ಅಲ್ಲಿಗೇ ನಿಂತಿತು.

“ಏನ್ ನಡಸೀರಿ ಇದು?”

“ಮೂವತ್ತೆರಡ ಇಂಚ,” ಎನ್ನುತ್ತ ಗಂಡ ಮೊಬೈಲಿನಲ್ಲಿ ಬರೆದುಕೊಂಡ. “ಗಾಡಿಯೊಳಗೂ ಇಷ್ಟ ಎತ್ತರದ ಕಟ್ಟಿ ಮಾಡಸ್ತೇನಿ. ನಿನ್ನ ಸೊಂಟಕ್ಕ ತ್ರಾಸ ಆಗಬಾರದ ನೋಡು.”

ಆಹಾ, ಏನು ಕಾಳಜಿ! ಸೊಂಟದ ನೆನಪು ಮೂವತ್ತು ವರ್ಷಕ್ಕೆ ಇವತ್ತು ಬಂತು. ಅಲಕಾ ರೊಟ್ಟಿಯನ್ನು ಹಂಚಿನ ಮೇಲೆ ಎಸೆದಳು, ಅಷ್ಟೇ.

ಸಾಂಗ್ಲಿಯ ಅರಿಸಿನ ಪೇಟೆಯಲ್ಲಿ ದಲಾಲಿ ಮಾಡಿಕೊಂಡಿದ್ದ ಬಾಹುಬಲಿ ಈಗ ಅಂಗಡಿಯನ್ನು ತಮ್ಮನ ಕೈಗೆ ಒಪ್ಪಿಸಿ ತೀರ್ಥಯಾತ್ರೆ ಹೊರಡುವವನಿದ್ದ. ಮೊದಲು ಶ್ರವಣಬೆಳಗೊಳ, ಆಮೇಲೆ ಉಳಿದ ಕ್ಷೇತ್ರಗಳು. ಆ ಮನೆಯಲ್ಲಿ ಹೋಟೆಲಿನದನ್ನು ಯಾರೂ ಮುಟ್ಟುವುದಿಲ್ಲ. ನೀರು ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಅದಕ್ಕೇ ಒಲೆ ಇರುವ ಗಾಡಿ ಬೇಕಾಗಿತ್ತು. ಎಂಥ ಗಾಡಿ ಎಂಬುದಕ್ಕೆ ತಂದೆ ಮಗನ ನಡುವೆ ಎರಡು ತಿಂಗಳಿನಿಂದ ಜಗಳ. ಹಾಸಿಗೆ, ಒಲೆ, ಎಂಜಿನ್ನು ಎಲ್ಲ ಒಂದರಲ್ಲೇ ಇರುವ ದೊಡ್ಡ ವ್ಯಾನು ಆಗಬೇಕು ಎಂದು ಬಾಹುಬಲಿ. ಮನೆಯಲ್ಲಿ ಜೀಪು ಇದ್ದೇ ಇದೆ, ಅದರ ಹಿಂದೆ ಎಳೆದುಕೊಂಡು ಹೋಗುವ ಟ್ರೇಲರು ಸಾಕು ಎಂದು ಅನೇಕಾಂತ. ಅನೇಕಾಂತ ವಿಶ್ರಾಮಬಾಗದ ಕಾಲೇಜಿನಲ್ಲಿ ಪಾಠ ಹೇಳುವವನು, ಮನೆಗೆ ಬಂದರೂ ಪಾಠ ನಿಲ್ಲಿಸುವವನಲ್ಲ. ಊಟಕ್ಕೆ ಕೂತರೆ ಅದೇ, ಎದ್ದರೆ ಅದೇ. ಆ ಒಲೆಯ ಮುಂದೆ ನಿಲ್ಲಬೇಕಾದವಳನ್ನು ಮಾತ್ರ ಇಬ್ಬರೂ ಒಂದು ಮಾತು ಕೇಳಿರಲಿಲ್ಲ.

ಅಲಕಾ ಬೆಳಗೊಳಕ್ಕೆ ನಾಲ್ಕು ಸಲ ಹೋಗಿ ಬಂದಿದ್ದಾಳೆ. ಎಷ್ಟು ಸಲ? ನಾಲ್ಕು. ಬೆಟ್ಟ ಹತ್ತಿದ್ದು ಒಂದು ಸಲವೂ ಇಲ್ಲ! ಮೊದಲ ಸಲ ಅನೇಕಾಂತ ಕೈಗೂಸು. ಎರಡನೆಯ ಸಲ ಅತ್ತೆಯ ಮೊಣಕಾಲು. ಮೂರನೆಯದರಲ್ಲಿ, ನಾಲ್ಕನೆಯದರಲ್ಲಿ ನೆಂಟರೆಲ್ಲ ಸೇರಿ ಹದಿನಾಲ್ಕು ಜನ. ಬಂಡೆ ಸ್ವಲ್ಪ ತಣ್ಣಗಾಗಲಿ ಎಂದು ಎಲ್ಲರೂ ನಾಲ್ಕು ಗಂಟೆಗೆ ಹತ್ತುತ್ತಾರೆ, ಹಸಿದುಕೊಂಡು ಇಳಿಯುತ್ತಾರೆ, ಹೊತ್ತು ಮುಳುಗುವ ಮುಂಚೆ ಉಣ್ಣುತ್ತಾರೆ. ಯಾರಾದರೂ ಕೆಳಗೆ ಕೂತು ಬೇಯಿಸಿದರೆ ತಾನೇ ಅವರು ಉಣ್ಣುವುದು? ಬೆಳಿಗ್ಗೆ ಹತ್ತೋಣವೆಂದರೆ ನಾಷ್ಟಾ, ಬುತ್ತಿ, ಹೊರಡುವ ಗಡಿಬಿಡಿ. ಅವಳು ಕಂಡದ್ದು ರಸ್ತೆಯಿಂದ ಕಾಣುವ ಮೂರ್ತಿಯ ತಲೆ ಮಾತ್ರ. ಮನೆಯಲ್ಲಿರುವ ಬಾಹುಬಲಿಗೆ ಮೂವತ್ತು ವರ್ಷ ಬಡಿಸಿದ್ದಾಯಿತು, ಬೆಟ್ಟದ ಮೇಲಿನವನ ಪಾದ ನೋಡುವುದು ಇನ್ನೂ ಆಗಿರಲಿಲ್ಲ. ಈ ಸಲವೂ ಆಗುವುದಿಲ್ಲವೆಂದು ಆ ಟೇಪು ನೋಡಿದಾಗಲೇ ಅವಳಿಗೆ ಗೊತ್ತಾಗಿತ್ತು.

ರವಿವಾರ ಮೂವರೂ ಕುಪವಾಡದ ಶೆಡ್ಡಿಗೆ ಹೋದರು. ಗಾಡಿಗಳಿಗೆ ಬಾಡಿ ಕಟ್ಟುವ ರತ್ನದೀಪ ಗಡಿಯ ಹತ್ತಿರದ ಆರಗ ಎಂಬ ಊರಿನವನು, ಕನ್ನಡ ಚೆನ್ನಾಗಿ ಆಡುತ್ತಿದ್ದ. ಒಂದು ವ್ಯಾನು, ಒಂದು ಟ್ರೇಲರು ಎರಡನ್ನೂ ತೊಳೆದು ನಿಲ್ಲಿಸಿದ್ದ.

“ಬರ್ರಿ ವಹಿನಿ, ಕುಂದ್ರಿ,” ಎಂದು ಕುರ್ಚಿ ಕೊಟ್ಟ. ಅಲಕಾ ಕೂರಲಿಲ್ಲ.

ಬಾಹುಬಲಿ ವ್ಯಾನಿನೊಳಗೆ ಹೋಗಿ ಟೇಪು ಬಿಚ್ಚಿದ. “ನೋಡು, ವ್ಯಾನ್ ಅಂದ್ರ ಇದರಾಗ ಫಾಯದಾ ಐತಿ. ಗಾಡಿ ಓಡ್ತಿರತೈತಿ, ಇಕಿ ಹಿಂದ ಕುಂತ ಕಾಯಿಪಲ್ಲೆ ಹೆಚ್ಕೊಂತಾಳ, ಹಿಟ್ಟ ನಾದ್ಕೊಂತಾಳ. ಊರ ಮುಟ್ಟೂದರಾಗ ಅರ್ಧಾ ಅಡಗಿ ಆಗಿರತೈತಿ. ಟೈಮ್ ಎಷ್ಟ ಉಳೀತು!”

ಯಾರ ಟೈಮು? ಅಲಕಾಳ ಕಿವಿ ಬಿಸಿಯಾಯಿತು. ಕಿಟಕಿಯ ಹತ್ತಿರ ಕೂತು ಹೊರಗೆ ನೋಡುವ ಹಕ್ಕೂ ಇವಳಿಗಿಲ್ಲವೇ? ಇಷ್ಟು ದಿನ ಧರ್ಮಶಾಲೆಯಲ್ಲಿ ಇಳಿದ ಮೇಲಾದರೂ ಒಲೆ ಹಚ್ಚುತ್ತಿದ್ದಳು. ಇನ್ನು ಮುಂದೆ ಸಾಂಗ್ಲಿಯ ಸೇತುವೆ ದಾಟುವುದರೊಳಗೇ ಈಳಿಗೆ ಮುಂದಿಟ್ಟುಕೊಂಡು ಕೂರಬೇಕು!

“ರತ್ನದೀಪ,” ಎಂದಳು, “ಟ್ರೇಲರದಾಗೂ ಓಡುವಾಗ ಕುಂತ ಹೆಚ್ಚಾಕ ಬರತೈತೇನು?”

“ಛೇ, ಛೇ. ಓಡುವಾಗ ಒಳಗ ಯಾರೂ ಕುಂದರಂಗಿಲ್ಲ ವಹಿನಿ. ಎಲ್ಲಾರೂ ಜೀಪಿನ್ಯಾಗ. ಊರಿಗೆ ಹೋದ ಮ್ಯಾಲೆ ಈ ಹುಕ್ ಬಿಚ್ಚಿದ್ರ ಆತು, ಟ್ರೇಲರ್ ನಿಂತಲ್ಲೇ ನಿಲ್ಲತೈತಿ, ಜೀಪ್ ಬೇಕಾದಲ್ಲಿ ಹೋಗತೈತಿ.”

“ಒಲಿ?”

“ಒಲಿ ಟ್ರೇಲರದಾಗ ಇರತೈತ್ರಿ.”

“ಬಿಚ್ಚೂದು ಹೆಂಗ, ತೋರ್ಸು.”

ರತ್ನದೀಪ ಸರಪಳಿ ಬಿಚ್ಚಿ, ದೀಪದ ವಾಯರು ಕಿತ್ತು, ಮುಂದಿನ ಸಣ್ಣ ಗಾಲಿ ಇಳಿಸಿ, ಹಿಡಿಕೆ ಎತ್ತಿ ತೋರಿಸಿದ. ಅಲಕಾ ಸೆರಗು ಸಿಕ್ಕಿಸಿಕೊಂಡು ತಾನೂ ಮಾಡಿದಳು. ಒಂದು ಸಲ ಅಲ್ಲ, ಮೂರು ಸಲ.

“ಟ್ರೇಲರ್ರೇ ಆಗಲಿ,” ಎಂದಳು.

“ಆಯಿಗೆ ತಿಳೀತು, ನಿಮಗ ತಿಳೀಲಿಲ್ಲ ಪಪ್ಪಾ,” ಎಂದು ಅನೇಕಾಂತ ಹಲ್ಲು ಕಿಸಿದ. ಗೆದ್ದದ್ದು ತಾನೇ ಅಂದುಕೊಂಡಿದ್ದ ಆ ಜಾಣ. ಬಾಹುಬಲಿ ಮುಖ ಊದಿಸಿಕೊಂಡ. ಆದರೂ ಟ್ರೇಲರಿನ ಕಟ್ಟೆಯನ್ನು ಮೂವತ್ತೆರಡು ಇಂಚಿಗೆ ಏರಿಸುವಂತೆ ಹೇಳುವುದನ್ನು ಮರೆಯಲಿಲ್ಲ.

ಫೆಬ್ರುವರಿಯಲ್ಲಿ ಹೊರಟರು. ಎರಡನೆಯ ದಿನ ಮೂರೂವರೆಗೆ ಬೆಳಗೊಳದ ಹೊರಗೆ, ಊರಿಂದ ಎರಡು ಮೈಲು ಈಚೆಗೆ, ಒಂದು ತೆಂಗಿನ ತೋಟದವರ ಬಯಲಿನಲ್ಲಿ ಟ್ರೇಲರು ನಿಲ್ಲಿಸಿದರು. ಬಾಹುಬಲಿ ಕೈಕಾಲು ತೊಳೆದು ಬಿಳಿ ಧೋತರ ಉಟ್ಟುಕೊಂಡು ಬಂದ. ಅನೇಕಾಂತ ಕಾಲುಚೀಲ ಹುಡುಕತೊಡಗಿದ.

“ನಾವ ಹತ್ತಿ ಬರ್ತೀವಿ,” ಎಂದ ಬಾಹುಬಲಿ. “ಆರರೊಳಗ ಇಳೀತೀವಿ. ಬ್ಯಾಳಿ, ಅನ್ನಾ, ನಾಲ್ಕ ಚಪಾತಿ ಮಾಡು ಸಾಕು. ಹೆಚ್ಚಿಗೇನೂ ಬ್ಯಾಡ.”

ಹೆಚ್ಚಿಗೇನೂ ಬೇಡವಂತೆ! ಅಲಕಾ ಟ್ರೇಲರಿನ ಮುಂದೆ ಹೋಗಿ ಬಗ್ಗಿದಳು. ಸರಪಳಿ ಬಿಚ್ಚಿದಳು, ವಾಯರು ಕಿತ್ತಳು, ಗಾಲಿ ಇಳಿಸಿ ಹಿಡಿಕೆ ಎತ್ತಿದಳು. ಗಂಡ ಬಾಯಿ ತೆರೆದು ನೋಡುತ್ತಿರುವಾಗಲೇ ಜೀಪು ಹತ್ತಿ ಚಾಲೂ ಮಾಡಿದಳು. ಜೀಪು ಅವಳಿಗೆ ಹೊಸದೇನೂ ಅಲ್ಲ. ಆರು ವರ್ಷ ವಾರಕ್ಕೆ ಎರಡು ಸಲ ಅತ್ತೆಯನ್ನು ಡಯಾಲಿಸಿಸ್‌ಗೆಂದು ಮಿರಜದ ಆಸ್ಪತ್ರೆಗೆ ಒಯ್ದವಳು ಅವಳೇ, ಮಗ ಪರೀಕ್ಷೆ ಎನ್ನುತ್ತಿದ್ದ, ಗಂಡ ಪೇಟೆಯಲ್ಲಿ ಹರಾಜು ಎನ್ನುತ್ತಿದ್ದ.

“ಏ, ಎಲ್ಲಿ ಹೊಂಟಿ?”

“ಬೆಟ್ಟಾ ಹತ್ತಾಕ. ನಾಲ್ಕ ಸಲ ಕೆಳಗ ಕುಂತ ನಿಮಗ ಬೇಯಿಸಿ ಹಾಕೇನಿ. ಒಂದ ಸಲರೆ, ‘ಅಲಕಾ, ನೀ ಹತ್ತಿದೇನು’ ಅಂತ ಕೇಳೀರೇನು?”

“ಅಲ್ಲಾ, ಹೇಳಿದ್ರ ಎಲ್ಲಾರೂ ಕೂಡೇ ಹೋಗತಿದ್ವಿ…”

“ಕೂಡೇ ಹೋದ್ರ ಬೇಯಸವ್ರು ಯಾರು? ಹೇಳ್ರಿ! ನೀವೇನು?”

ಬಾಹುಬಲಿ ಜೀಪಿನ ಬಾಗಿಲು ಹಿಡಿದುಕೊಂಡು, “ಹೊತ್ತು ಮುಳಗತೈತಿ, ಊಟಾ ಹೆಂಗ?” ಎಂದ.

“ನನ್ನ ಊಟದ ಚಿಂತಿ ಬ್ಯಾಡ. ಇವತ್ತ ನನಗ ಉಪಾಸ. ನೀವ ಮೊದಲ ನೀರ ಸೋಸಕೋರಿ.”

ಬಾಗಿಲು ಎಳೆದುಕೊಂಡು ಹೊರಟೇಬಿಟ್ಟಳು.

ಆರುನೂರು ಚಿಲ್ಲರೆ ಮೆಟ್ಟಿಲುಗಳನ್ನು ಅವಳು ಸಿಟ್ಟಿನಲ್ಲೇ ಹತ್ತಿದಳು. ಬಂಡೆ ಅಂಗಾಲು ಸುಟ್ಟಿತು, ಸೊಂಟ ಹಿಡಿಯಿತು, ನಡುನಡುವೆ ಕೂತು ಗಂಡನನ್ನು ಬಾಯಿಗೆ ಬಂದಂತೆ ಬೈದಳು. ಮೇಲೆ ಹೋಗಿ ಪಾದದ ಮುಂದೆ ನಿಂತಾಗ ಪೂಜೆಯ ಮಂತ್ರ ಒಂದೂ ನೆನಪಾಗಲಿಲ್ಲ. “ಇಷ್ಟ ದೊಡ್ಡದೇನು ನಿನ್ನ ಪಾದ! ನನಗ ಯಾರೂ ಹೇಳೇ ಇಲ್ಲಲ್ಲೋ,” ಎಂದು ಜೋರಾಗಿಯೇ ಅಂದು ಅತ್ತುಬಿಟ್ಟಳು. ಪಕ್ಕದಲ್ಲಿದ್ದ ಯಾತ್ರಿಕರು ತಿರುಗಿ ನೋಡಿದರು. ನೋಡಲಿ.

ಇಳಿಯುವಾಗ ಅರ್ಧ ದಾರಿಯಲ್ಲಿ ಫೋನು ಬಂತು, ಅನೇಕಾಂತನದು.

“ಆಯಿ, ಎರಡ ವಾಟಿ ಅಕ್ಕಿಗೆ ನೀರ ಎಷ್ಟ ಹಾಕಬೇಕು? ಸೂರ್ಯಾ ಇನ್ನೇನ ಮುಳಗತಾನ. ಪಪ್ಪಾ ಭಾಳ ಚಿಡ್‌ಚಿಡ್ ಮಾಡಾಕತ್ತಾರ.”

“ಅವರನ್ನ ಕೇಳು,” ಎಂದಳು ಅಲಕಾ. “ಟೇಪ್ ತಗೊಂಡ ಅಳೀಲಿ.”

ಫೋನು ಚೀಲಕ್ಕೆ ಹಾಕಿ ಮೆಟ್ಟಿಲ ಮೇಲೆ ಕೂತಳು. ಸೂರ್ಯ ಪೂರ್ತಿ ಮುಳುಗುವವರೆಗೂ ಅಲ್ಲಿಂದ ಏಳಲಿಲ್ಲ.