ಹಗ್ಗದ ಮೇಲಿನ ಪ್ಲಗ್ಗು

“ರೀ, ಕೈ ಹಾಕ್ಬೇಡಿ! ಮೊದ್ಲು ಪ್ಲಗ್ ಕಿತ್ತು ಹಗ್ಗಕ್ಕೆ ಹಾಕಿ,” ಎಂದು ಟೈಲರಮ್ಮ ಕಿಟಕಿಯಿಂದಲೇ ಕೂಗಿದಳು.

ಹಿತ್ತಲಿನ ಮೀನುಕೊಳದ ದಂಡೆಯಲ್ಲಿ ಅಂಗಿಯ ತೋಳು ಮಡಚಿ ಕೂತಿದ್ದ ಗಂಡ ತಲೆ ಎತ್ತಿದ. ದಿನವೂ ಒಂದು ಬಸ್ಸು ತುಂಬ ಜನರ ಜೀವ ಹೊತ್ತು ತಿರುಗುವ ಡ್ರೈವರನಿಗೆ ಹೆಂಡತಿಯ ಗಾಬರಿ ಯಾವತ್ತೂ ತಮಾಷೆಯ ವಿಷಯ. “ಕರೆಂಟೇ ಇಲ್ಲ ಕಣೇ. ಪಂಪು ತಾನಾಗೇ ನಿಂತಿದೆ.”

“ಹೋದ ಕರೆಂಟು ಬರುವಾಗ ನಿಮ್ಮನ್ನ ಕೇಳ್ಕೊಂಡು ಬರುತ್ತಾ?”

ಅವನು ಗೊಣಗುತ್ತ ಎದ್ದ. ಹಿಂಬಾಗಿಲ ಸಂದಿಯಿಂದ ಒಳಗಿನ ಗೋಡೆಯ ಬೋರ್ಡಿಗೆ ಕೈ ಚಾಚಿ, ನೋಡದೆಯೇ ಒಂದು ಪ್ಲಗ್ಗು ಕಿತ್ತ. ವೈರು ಎಳೆದು ತಂದು ಬಟ್ಟೆ ಹಗ್ಗಕ್ಕೆ ಕ್ಲಿಪ್ಪು ಹಾಕಿ ತೂಗುಬಿಟ್ಟ.

ಇದು ಟೈಲರಮ್ಮ ಮಾಡಿದ ಕಾನೂನು. ಬೋರ್ಡಿನ ಸಡಿಲ ಸ್ವಿಚ್ಚುಗಳನ್ನು ಅವಳು ನಂಬುತ್ತಿರಲಿಲ್ಲ. ಪ್ಲಗ್ಗು ಹಗ್ಗದ ಮೇಲೆ ಕಣ್ಣಿಗೆ ಕಾಣುವ ತನಕ ಆ ಮನೆಯಲ್ಲಿ ಯಾರೂ ಕೊಳಕ್ಕೆ ಬೆರಳು ಅದ್ದುವಂತಿರಲಿಲ್ಲ. ಇವತ್ತಂತೂ ಅದಕ್ಕೆ ಕಾರಣವೂ ಇತ್ತು. ಸ್ವಲ್ಪ ಮುಂಚೆ ಮೀನಿಗೆ ಕಾಳು ಹಾಕುವಾಗ ನೀರು ತಾಗಿ ಬೆರಳು ಜುಂ ಎಂದಿತ್ತು. ಅವಳ ಕಿರುಚಾಟಕ್ಕೆ ಗಂಡ ಓಡಿ ಬರುವಷ್ಟರಲ್ಲಿ ಕರೆಂಟೂ ಹೋಗಿತ್ತು. ಕೊಳದಲ್ಲಿ ಮುಳುಗಿಸಿಟ್ಟ ಪಂಪಿನೊಳಗೆ ನೀರು ಹೊಕ್ಕಿರಬೇಕು, ಎತ್ತಿ ನೋಡುತ್ತೇನೆ ಎಂದಿದ್ದ. ಕರೆಂಟು ಸೋರಿದರೆ ತಾನೇ ಆರಿಹೋಗುವ ಸ್ವಿಚ್ಚು ಹಾಕಿಸಿ ಎಂದು ಅವಳು ಬಡಕೊಂಡದ್ದು ಇವತ್ತು ನಿನ್ನೆಯಲ್ಲ. ನಾಳೆ ನಾಳೆ ಅನ್ನುತ್ತಲೇ ಬಂದಿದ್ದ ಪುಣ್ಯಾತ್ಮ.

ಪಂಪು ಇಡಲು ಬಕೆಟ್ಟು ಹಿಡಿದು ಹಿಂಬಾಗಿಲಿಗೆ ಬಂದವಳು ಬೋರ್ಡಿನತ್ತ ಸುಮ್ಮನೆ ಕಣ್ಣು ಹಾಯಿಸಿದಳು. ಕೆಳಗಿನ ತೂತು ಖಾಲಿ. ಮೇಲಿನದರಲ್ಲಿ ಒಂದು ಪ್ಲಗ್ಗು. ಮೂಲೆ ಸುಟ್ಟು ಕರಗಿದ ಪ್ಲಗ್ಗು.

ಪಂಪಿನದು.

ಹಗ್ಗದ ಮೇಲೆ ತೂಗುತ್ತಿದ್ದುದು ತೋಟದ ದೀಪದ್ದು. ಹೊರಗೆ ಗಂಡನ ಎರಡು ಕೈಗಳೂ ಮೊಣಕೈವರೆಗೆ ನೀರಿನಲ್ಲಿದ್ದವು.

ಕೂಗಿದರೆ ನಕ್ಕು ಅಲ್ಲೇ ಕೂತಿರುತ್ತಾನೆ. ಬಕೆಟ್ಟು ಬಿಸುಟು ಪ್ಲಗ್ಗಿಗೆ ಕೈ ಹಾಕಿದಳು. ಜಪ್ಪಯ್ಯ ಅಂದರೂ ಕದಲಲಿಲ್ಲ. ಕರೆಂಟು ಈಗ ಬಂದರೆ, ಈ ಕ್ಷಣ ಬಂದರೆ? ಗೋಡೆಗೆ ಮೊಣಕಾಲು ಕೊಟ್ಟು ಎರಡೂ ಕೈಯಿಂದ ಜಗ್ಗಿದಳು. ಕಿತ್ತು ಬಂದ ರಭಸಕ್ಕೆ ಹಿಂದೆ ಬಿದ್ದಳು.

ಉರುಳಿದ ಬಕೆಟ್ಟಿನ ಸದ್ದು ಅಡಗುವ ಮೊದಲೇ ಒಳಗೆ ಫ್ಯಾನು ತಿರುಗತೊಡಗಿತು.

“ಬಂತು ನೋಡು ಕರೆಂಟು!” ಹೊರಗಿನಿಂದ ಗಂಡನ ದನಿ. “ಪ್ಲಗ್ಗು ಹಗ್ಗದ ಮೇಲಿದೆ. ಈಗ ಸಮಾಧಾನ ತಾನೇ ಮಹಾರಾಣಿಗೆ?”

ಅವಳು ವೈರು ಎಳೆಯುತ್ತ ಹೋಗಿ ಅವನೆದುರು ನಿಂತಳು. ಮುಷ್ಟಿ ಬಿಚ್ಚಿದಳು. ಅವನು ಕರಗಿದ ಮೂಲೆಯನ್ನು ನೋಡಿದ, ಹಗ್ಗದ ಕಡೆ ನೋಡಿದ. ನಗು ಮುಖದಲ್ಲೇ ಇಂಗಿತು. ಮೆಲ್ಲಗೆ ಕೈಗಳನ್ನು ನೀರಿನಿಂದ ಹೊರಗೆ ತೆಗೆದ.

“ಪಂಪಿಂದು ಯಾವಾಗ್ಲೂ ಕೆಳಗೇ ಅಲ್ವಾ? ನಾನು ಕೆಳಗಿಂದೇ ಕಿತ್ತಿದ್ದು...”

“ನಿನ್ನೆ ಹೊಲಿಗೆ ಮಿಷನ್ನಿಗೆ, ಇಸ್ತ್ರಿ ಪೆಟ್ಟಿಗೆಗೆ ಅಂತ ಎರಡೂ ತೆಗೆದಿದ್ದೆ. ವಾಪಸ್ ಹಾಕುವಾಗ ಮೇಲಿಂದು ಕೆಳಗೆ ಮಾಡ್ಬಿಟ್ಟೆ ರೀ.”

ಅವನು ಬೈಯಲಿಲ್ಲ. ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು. ಎದ್ದು ಆ ಪ್ಲಗ್ಗನ್ನೂ ಹಗ್ಗಕ್ಕೆ ಹಾಕಲು ಹೋದ. ಒದ್ದೆ ಬೆರಳಿನಿಂದ ಮರದ ಕ್ಲಿಪ್ಪು ಜಾರಿ ಕೊಳಕ್ಕೆ ಬಿತ್ತು. ಪ್ಲಗ್ಗನ್ನು ಹಾಗೇ ಹಗ್ಗಕ್ಕೆ ಸುತ್ತಿದ.

ಕ್ಲಿಪ್ಪು ತೇಲುತ್ತ ದಂಡೆಗೇ ಬಂತು. ಮೀನುಗಳು ಕಾಳೆಂದು ಅದನ್ನು ಮೂತಿಯಿಂದ ತಿವಿದವು. ಎರಡು ಪ್ಲಗ್ಗುಗಳೂ ಕಣ್ಣೆದುರಿಗೇ ತೂಗುತ್ತಿದ್ದವು. ಗಂಡ ಹೆಂಡತಿ ಪಕ್ಕಪಕ್ಕ ಕುಕ್ಕರಗಾಲಿನಲ್ಲಿ ಕೂತು ಆ ಕ್ಲಿಪ್ಪನ್ನೇ ನೋಡುತ್ತಿದ್ದರು. ಇಬ್ಬರೂ ಕೈ ಚಾಚಲಿಲ್ಲ.