ಹಳಿಯ ಈಚೆ ನಿಂತ ಬಸ್ಸು

ನನ್ನ ತಮ್ಮ ವರ್ಲಿನ್‌ಗೆ ಚಿಕ್ಕಂದಿನಿಂದಲೂ ಅದೊಂದೇ ಹುಚ್ಚು. ಊರಿನ ಬೇರೆ ಹುಡುಗರು ವಿಮಾನ ಹಾರಿಸುತ್ತೇವೆ, ಬೆಂಕಿ ಆರಿಸುತ್ತೇವೆ ಎಂದು ಬಡಾಯಿ ಕೊಚ್ಚುತ್ತಿದ್ದರೆ ಇವನು ಶಾಲೆಯ ಹಳದಿ ಬಸ್ಸು ಓಡಿಸುತ್ತೇನೆ ಅನ್ನುತ್ತಿದ್ದ. ಅಡುಗೆಮನೆಯ ಕುರ್ಚಿಗಳನ್ನೆಲ್ಲ ಕೊಟ್ಟಿಗೆಗೆ ಹೊತ್ತು ಸಾಲಾಗಿ ಇಡುತ್ತಿದ್ದ. ಮುಂದಿನ ಕುರ್ಚಿಯಲ್ಲಿ ಪಾತ್ರೆಯ ಮುಚ್ಚಳ ಹಿಡಿದು ತಾನು, ಹಿಂದೆ ನಾನು ಮತ್ತು ಬೆಕ್ಕುಗಳು. ನೆಲದ ಮೇಲೊಂದು ಹಲಗೆ, ಅದು ರೈಲು ಹಳಿ. ಹಳಿ ಸಿಕ್ಕಲ್ಲಿ ಶಾಲೆಯ ಬಸ್ಸು ನಿಲ್ಲಲೇಬೇಕು, ರೈಲು ಇರಲಿ ಬಿಡಲಿ. ಬಾಗಿಲು ತೆರೆದು, ಮಕ್ಕಳನ್ನು ಸುಮ್ಮನಿರಿಸಿ, ಕಿವಿಗೊಟ್ಟು ಕೇಳಿ, ಆಮೇಲೆ ದಾಟಬೇಕು. ಅಮೆರಿಕದ ನಮ್ಮ ಡಕೋಟಾ ಸೀಮೆಯಲ್ಲಿ ಇದು ಗೊತ್ತಿಲ್ಲದ ಮಗುವಿಲ್ಲ.

"ಶ್! ಯಾರೂ ಗಲಾಟೆ ಮಾಡ್ಬೇಡಿ! ಆರ್ಡಿಸ್, ಗಾಡಿ ಬರ್ತಿದೆಯಾ?"

ನಾನು ಸುಮ್ಮನಿರುವವಳೇ? ಇಲ್ಲ ಎಂದು ತಲೆಯಾಡಿಸಿ, ಅವನು ಹೊರಡುವಷ್ಟರಲ್ಲಿ 'ಕೂ' ಎಂದು ಕೂಗಿಬಿಡುತ್ತಿದ್ದೆ. ಅವನು ಸಿಟ್ಟಾಗುತ್ತಿರಲಿಲ್ಲ. ಮತ್ತೆ ಬ್ರೇಕು ಒತ್ತಿ, ಬಾರದ ರೈಲು ಹೋಗುವ ತನಕ ಕಾಯುತ್ತಿದ್ದ. ಅಂಥ ಪ್ರಾಣಿ.

ದೊಡ್ಡವನಾದಾಗ ಅಪ್ಪ ಬೈದ. "ಬೆಳಗ್ಗೆ ಒಂದು ಸುತ್ತು, ಸಾಯಂಕಾಲ ಒಂದು ಸುತ್ತು. ಅದ್ರಲ್ಲಿ ಹೆಂಡ್ತೀನ ಸಾಕ್ತೀಯೇನೋ?" ಅಪ್ಪನ ಮಾತಿನಲ್ಲಿ ತಪ್ಪಿರಲಿಲ್ಲ. ವರ್ಲಿನ್ ಊರಿನ ಧಾನ್ಯದ ಗೋದಾಮಿಗೆ ಸೇರಿದ. ಗೋಧಿ, ಜೋಳ ಒಣಗಿಸುವ ದೈತ್ಯ ಫ್ಯಾನುಗಳ ಪಕ್ಕದಲ್ಲಿ ಅವನ ಪ್ರಾಯವೆಲ್ಲ ಕಳೆಯಿತು. ಕಿವಿಗೆ ಏನಾದರೂ ತುರುಕಿಕೊಳ್ಳೋ ಎಂದರೆ ನಗುತ್ತಿದ್ದ. ಹೆಂಡತಿ ತೀರಿಕೊಂಡು, ಮಗಳು ಮದುವೆಯಾಗಿ ಹೋದ ಮೇಲೆ ಗೋದಾಮು ಬಿಟ್ಟು ಬಸ್ಸಿನ ಲೈಸೆನ್ಸ್ ಮಾಡಿಸಿದ. ಆಗಲೇ ಅವನಿಗೆ ಐವತ್ತೈದು ದಾಟಿತ್ತು, ಫ್ಯಾನುಗಳ ಸದ್ದಿಗೆ ಮಂದವಾದ ಕಿವಿಯಲ್ಲಿ ಕೇಳಿಸುವ ಯಂತ್ರ ಕೂತಿತ್ತು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ.

ಅವನಿಗೆ ಸಿಕ್ಕ ಶಾಲೆಯ ಬಸ್ಸಿನಲ್ಲಿ ಗಾಲಿಕುರ್ಚಿಯ ಮಗುವೊಂದಿದ್ದುದರಿಂದ ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ನಾನೂ ಇದ್ದೆ. ಮೊದಲ ದಿನ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹತ್ತಿದ ಒಂದೊಂದು ಮಗುವಿಗೂ ಹೆಸರು ಹಿಡಿದು ನಮಸ್ಕಾರ ಹೇಳಿದ. ಅವನ ಮುಖ ನೋಡಿ ನನಗೆ ಅಳು ಬಂತು. "ಇದೇನು, ಮದುವೆ ಗಂಡಿನ ಹಾಗೆ ಬಂದಿದ್ದೀಯ" ಎಂದು ಅಣಕಿಸಿ ಮರೆಸಿಕೊಂಡೆ.

ಎರಡನೆಯ ವರ್ಷದ ಅಕ್ಟೋಬರ್. ಹೊಲದಿಂದ ಕಿತ್ತ ಸಕ್ಕರೆ ಬೀಟಿನ ಗಡ್ಡೆಗಳನ್ನು ಊರಾಚೆಯ ಹಳಿಯ ಪಕ್ಕ ಗುಡ್ಡದ ಹಾಗೆ ರಾಶಿ ಹಾಕಿದ್ದರು. ಎಡಗಡೆಯಿಂದ ಬರುವ ರೈಲು ಕಣ್ಣಿಗೆ ಬೀಳುವಂತಿರಲಿಲ್ಲ. ಆ ಹಳಿಗೆ ಗೇಟೂ ಇಲ್ಲ, ದೀಪವೂ ಇಲ್ಲ. ವರ್ಲಿನ್ ಬಸ್ಸು ನಿಲ್ಲಿಸಿ ಬಾಗಿಲು ತೆರೆದ. ಆದರೆ ಅವನ ಕಣ್ಣು ಹಳಿಯ ಕಡೆಗಿರಲಿಲ್ಲ, ತಲೆಯ ಮೇಲಿನ ಕನ್ನಡಿಯಲ್ಲಿತ್ತು. ಮೊದಲ ಸೀಟಿನಲ್ಲಿ ಕೂತ ಬ್ರಿಟಾ ಎಂಬ ಒಂದನೇ ತರಗತಿಯ ಹುಡುಗಿ ಕೈಯೆತ್ತಿದಳು. ಅವನು ಕಾದ. ರಾಶಿಯ ಹಿಂದಿನಿಂದ ರೈಲು ಬಂದು ಹೋಯಿತು. ಅವಳು ಕೈ ಇಳಿಸಿದ ಮೇಲೆ ಬಸ್ಸು ಹೊರಟಿತು.

ಸಾಯಂಕಾಲ ಬಸ್ಸು ಖಾಲಿಯಾದ ಮೇಲೆ ಅವನ ಎದುರಿಗೆ ಹೋಗಿ ನಿಂತೆ.

"ಎಷ್ಟು ದಿನದಿಂದ ನಡೀತಿದೆ ಈ ನಾಟಕ?"

"ಅದು ಆಟ ಕಣೇ. ಅವಳಿಗೂ ಖುಷಿ."

"ಯಂತ್ರ ಹಾಕ್ಕೊಂಡೂ ಕೇಳಲ್ವೇನೋ?"

"ಇಂಜಿನ್ ಸದ್ದೇ ಜೋರಾಗಿ ಕೇಳುತ್ತೆ. ಬೇರೆ ಎಲ್ಲಾ ಅದ್ರಲ್ಲೇ ಮುಳುಗ್ಹೋಗುತ್ತೆ." ಸೀಟಿನಿಂದ ಏಳುತ್ತ ಹೇಳಿದ, "ಮುಂದಿನ ತಿಂಗ್ಳು ಹೇಗೂ ಲೈಸೆನ್ಸಿಗೆ ಡಾಕ್ಟ್ರು ಪಿಸುಗುಟ್ಟಿ ಕಿವಿ ಪರೀಕ್ಷೆ ಮಾಡ್ತಾರೆ. ಅದ್ರಲ್ಲಿ ನಾನು ಪಾಸಾಗಲ್ಲ. ಅಲ್ಲೀ ತನ್ಕ ಬಿಟ್ಬಿಡೇ. ಆ ಮಗು ಇರೋವಾಗ ಏನೂ ಆಗಲ್ಲ."

"ಆರು ವರ್ಷದ ಮಗು ಕಣೋ ಅದು! ನಾಳೆ ನೆಗಡಿ ಬಂದು ಮಲಗಿದ್ರೆ? ನೀನೇ ಆಫೀಸಿಗೆ ಹೋಗಿ ಹೇಳು. ಇಲ್ದಿದ್ರೆ ಬೆಳಗ್ಗೆ ಮಕ್ಳನ್ನ ಇಳಿಸಿದ ಮೇಲೆ ನಾನೇ ಹೇಳ್ತೀನಿ."

ಅವನು ಪೊರಕೆ ತೆಗೆದುಕೊಂಡು ಬಸ್ಸು ಗುಡಿಸತೊಡಗಿದ.

ಮರುದಿನ ಬ್ರಿಟಾಳ ತಾಯಿ ಮನೆಯ ಮುಂದೆ ನಿಂತು, ಇವತ್ತು ಬರುವುದಿಲ್ಲ, ಜ್ವರ ಎಂದು ಕೈಯಾಡಿಸಿ ಸನ್ನೆ ಮಾಡಿದಳು. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಹಳಿಯ ಈಚೆ ವರ್ಲಿನ್ ಬಸ್ಸು ನಿಲ್ಲಿಸಿದ. ಬಾಗಿಲು ತೆರೆದ. ಮಂಜು ಕವಿದಿತ್ತು, ಬೀಟಿನ ರಾಶಿಯೂ ಸರಿಯಾಗಿ ಕಾಣುತ್ತಿರಲಿಲ್ಲ. ಅವನು ಕನ್ನಡಿ ನೋಡಿದ. ಮೊದಲ ಸೀಟು ಖಾಲಿ. ಹಿಂದೆ ನಿಂತ ಲಾರಿಯವನು ಹಾರ್ನ್ ಒತ್ತಿದ, ಮತ್ತೆ ಒತ್ತಿದ. ಇವನಿಗೆ ಅದರ ಪರಿವೆಯೇ ಇರಲಿಲ್ಲ. ಮಕ್ಕಳು ತಾವಾಗಿಯೇ ಸುಮ್ಮನಾದರು.

ಅವನು ತಿರುಗಿ ಎಲ್ಲರೆದುರಿಗೇ ಕೇಳಿದ. "ಆರ್ಡಿಸ್, ಗಾಡಿ ಬರ್ತಿದೆಯಾ?"

ನಾನು ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ಏನೂ ಇರಲಿಲ್ಲ. "ಇಲ್ಲ ಕಣೋ, ಹೋಗು" ಅಂದೆ.

ಅವನ ಕಾಲು ಬ್ರೇಕಿನಿಂದ ಏಳಲಿಲ್ಲ. "ನಿನ್ನನ್ನ ಹೇಗೆ ನಂಬೋದು? ಕೊಟ್ಟಿಗೇಲೂ ಹೀಗೇ ಅಂತಿದ್ದೆ" ಎಂದು ನಕ್ಕ. ಆಮೇಲೆ ಕೈಬ್ರೇಕು ಎಳೆದು, ಆಫೀಸಿನವರ ಜೊತೆ ಮಾತಾಡುವ ರೇಡಿಯೊ ಎತ್ತಿಕೊಂಡು, ಹಳಿಯ ಹತ್ತಿರ ಬಸ್ಸು ನಿಲ್ಲಿಸಿದ್ದೇನೆ, ಬೇರೆ ಡ್ರೈವರನ್ನು ಕಳಿಸಿ ಎಂದ. ಅತ್ತಲಿಂದ ಏನೋ ಉತ್ತರ ಬಂತು. ಅವನು ರೇಡಿಯೊವನ್ನು ನನ್ನತ್ತ ಚಾಚಿದ.

"ಏನಂತಾರೆ?"

"ಕಳಿಸ್ತಾರಂತೆ."

ಕಾಯುತ್ತಿದ್ದಾಗ ನಿಜವಾಗಿಯೂ ಒಂದು ರೈಲು ಬಂತು. ಉದ್ದದ ಸರಕು ಗಾಡಿ, ಕಿವಿ ಹರಿಯುವಂತೆ ಕೂಗುತ್ತ. ಮಕ್ಕಳೆಲ್ಲ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು, ನಾನೂ ಮುಚ್ಚಿಕೊಂಡೆ. ವರ್ಲಿನ್ ಮಾತ್ರ ಬಾಗಿಲ ಮೆಟ್ಟಿಲ ಮೇಲೆ ಕೈ ಇಳಿಬಿಟ್ಟು ನಿಂತು, ಕೊನೆಯ ಡಬ್ಬಿ ಹೋಗುವ ತನಕ ನೋಡಿದ.

ಬದಲಿ ಡ್ರೈವರ್ ಬಂದಳು, ನಮ್ಮ ಮಕ್ಕಳ ವಯಸ್ಸಿನವಳು. ವರ್ಲಿನ್ ಅವಳಿಗೆ ಸೀಟು ಬಿಟ್ಟುಕೊಟ್ಟು, ಕನ್ನಡಿಯ ಕೋನ ಅವಳ ಎತ್ತರಕ್ಕೆ ಸರಿಮಾಡಿ, ಬ್ರಿಟಾಳ ಸೀಟಿನಲ್ಲಿ ಬಂದು ಕೂತ. ಮಕ್ಕಳ ಸೀಟು, ಅವನ ಮೊಣಕಾಲು ಹಿಡಿಸಲಿಲ್ಲ. ಅವಳು ಬಾಗಿಲು ತೆರೆದು, "ಸುಮ್ನಿರಿ ಮಕ್ಳೇ" ಎಂದು ಕಿವಿಗೊಟ್ಟಳು.

ನಾನು ಅವನ ಹಿಂದಿನ ಸೀಟಿನಲ್ಲಿದ್ದೆ. ಕೊಟ್ಟಿಗೆಯಲ್ಲಿಯೂ ಅಲ್ಲೇ ಕೂರುತ್ತಿದ್ದೆ. ಈ ಸಲ ನಾನು ಕೂಗಲಿಲ್ಲ. ಕೂಗಿದ್ದರೂ ಅವನಿಗೆ ಕೇಳುತ್ತಿರಲಿಲ್ಲ. ಬಸ್ಸು ಹಳಿ ದಾಟಿತು.