ಕೊಲೆಗಾತಿ ಎಂಬ ಮಾತು

ಅಂಗಡಿಯಲ್ಲಿ ಅವಳನ್ನು ಎಲ್ಲರೂ ಬಿಚ್ಚಮ್ಮ ಎನ್ನುತ್ತಿದ್ದರು. ಹಳೆ ಬಟ್ಟೆಯನ್ನು ಬಿಗಿ ಮಾಡಿ, ಸಡಿಲ ಮಾಡಿ ಕೊಡುವ ಅಂಗಡಿ ಅದು. ಹೊಲಿಯುವವರು ಮೂವರಿದ್ದರೂ ಹೊಲಿಗೆ ಬಿಚ್ಚುವ ಕೈ ಅವಳದೊಂದೇ. ಬಿಚ್ಚುವುದೇನು ಮಹಾ ಎಂದು ಮೂಗು ಮುರಿಯುವವರು ಒಮ್ಮೆ ಕೂತು ಬಿಚ್ಚಿ ನೋಡಬೇಕು. ಸ್ವಲ್ಪ ಅವಸರಪಟ್ಟರೂ ಬಟ್ಟೆಯೇ ಸೀಳುತ್ತದೆ. ಅವಳ ಮೇಜಿಗೆ ಮಾಸ್ಟರು ಪರದೆ ಕಟ್ಟಿಸಿದ್ದರು, ಯಾಕೆಂದರೆ ಸಡಿಲ ಮಾಡಿಕೊಡಿ ಎಂದು ತಂದವರೇ ಅರ್ಧ ಬಿಚ್ಚಿದ ಬಟ್ಟೆ ಕಂಡರೆ ಜಗಳಕ್ಕೆ ನಿಲ್ಲುತ್ತಿದ್ದರು. ಸ್ವಂತ ಅತ್ತೆಯೇ ಒಂದು ಸಲ ತಮ್ಮ ಕೋಟು ತೋಳಿಲ್ಲದೆ ಮಲಗಿದ್ದನ್ನು ನೋಡಿ, "ಹಾಳು ಮಾಡಿಬಿಟ್ಟೆಯಲ್ಲೇ" ಎಂದು ಅಂಗಡಿ ಹಾರಿಹೋಗುವಂತೆ ಕೂಗಾಡಿದ್ದರು. ಆಮೇಲೆ ಅದೇ ಕೋಟನ್ನು ಮೈಮೇಲಿಂದ ತೆಗೆದದ್ದೇ ಅಪರೂಪ.

ಅವಳಿಗೆ ಎರಡು ಸಲ ಬಸಿರು ನಿಂತು ಎರಡೂ ಸಲ ಇಳಿದುಹೋಗಿತ್ತು. ಮೂರನೆಯದು ನಿಂತಿತೆಂದು ತಿಳಿದದ್ದೇ ತಡ, ಅತ್ತೆ, ಮಗನನ್ನೂ ಸೊಸೆಯನ್ನೂ ಹೊರಡಿಸಿಕೊಂಡು ಗಾಜಿನ ಕಟ್ಟಡದ ದೊಡ್ಡ ಕ್ಲಿನಿಕ್ಕಿಗೆ ಹೋದರು. ಅಲ್ಲಿನ ಡಾಕ್ಟರು ತೋಳಿನಿಂದ ರಕ್ತ ತೆಗೆಸಿದರು. ಮುಂದಿನ ಸಲ ಹೋದಾಗ ಮುಖ ಗಂಭೀರ ಮಾಡಿಕೊಂಡು, "ಇವರ ರಕ್ತದಲ್ಲಿ ಕಿಲ್ಲರ್ ಕಣಗಳು ಜಾಸ್ತಿ ಇವೆ. ಹುಟ್ಟುಗುಣವೇ ಕೊಲ್ಲೋದು. ಮಗೂನ ಶತ್ರು ಅಂದ್ಕೊಂಡು ಮೇಲೆ ಬೀಳ್ತವೆ. ಒಂದು ಡ್ರಿಪ್ ಹಾಕಿ ಅಡಗಿಸೋಣ" ಎಂದರು.

ಡಾಕ್ಟರು ಕಣ ಎಂದಿದ್ದರು. ಮನೆ ಮುಟ್ಟುವಷ್ಟರಲ್ಲಿ ಕಣ ದಾರಿಯಲ್ಲೇ ಉದುರಿ, ಕೊಲ್ಲುವುದೊಂದೇ ಉಳಿದಿತ್ತು. ಅತ್ತೆ ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದರು: "ಬೇರೆಯವರನ್ನ ಏನನ್ನೋದು ಹೇಳು. ಎರಡನ್ನೂ ತಾನೇ ಕೊಂದ್ಕೊಂಡಿದಾಳೆ. ಕೊಲೆಗಾತಿ."

ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದ ಬಿಚ್ಚಮ್ಮನ ಕೈ ನಿಂತಿತು. ಪಕ್ಕದಲ್ಲೇ ಗಂಡ ಸೋರುವ ನಲ್ಲಿ ಬಿಗಿ ಮಾಡುತ್ತಾ ಕೇಳಿಸಿಯೂ ಕೇಳಿಸದವನಂತಿದ್ದ. ಒಳ್ಳೆಯವನೇ, ಬಾಯಿಯೊಂದನ್ನು ಎಲ್ಲೋ ಮರೆತು ಬಂದಿದ್ದ.

ಅವಳಿಗೆ ಕೋಪಕ್ಕಿಂತ ಮೊದಲು ಬಂದದ್ದು ಹೆದರಿಕೆ. ಮಾತು ನಿಜವಿದ್ದರೆ? ಸ್ನಾನ ಮಾಡುವಾಗ ಹೊಟ್ಟೆ ಮುಟ್ಟಿಕೊಳ್ಳಲೂ ಕೈ ಹಿಂಜರಿಯುತ್ತಿತ್ತು. ತನ್ನ ಕೈಗೇ ತಾನು ಹೆದರಿದೆನಲ್ಲ ಎಂದು ಒಂದು ಬೆಳಿಗ್ಗೆ ಮೈಯೆಲ್ಲ ಉರಿದುಹೋಯಿತು. ಅಂಗಡಿಗೆ ರಜೆ ಹೇಳಿ, ಯಾರಿಗೂ ಹೇಳದೆ, ನೇರವಾಗಿ ಹೆರಿಗೆ ಆಸ್ಪತ್ರೆಗೆ ಹೋದಳು.

ಅಲ್ಲಿನ ಡಾಕ್ಟರಮ್ಮ ಊಟದ ಡಬ್ಬಿ ಪಕ್ಕಕ್ಕೆ ಸರಿಸಿ ಪೂರ್ತಿ ಕೇಳಿದರು.

"ಕಿಲ್ಲರ್ ಅನ್ನೋದು ಹೆಸರಿಟ್ಟವರು ಮಾಡಿದ ಎಡವಟ್ಟು. ರೋಗ ಹತ್ತಿದ ಕಣಗಳನ್ನ ಕೊಲ್ಲೋವಾಗ ಇವು ಮೊದಲು ಕಣ್ಣಿಗೆ ಬಿದ್ದವು, ಅದೇ ಹೆಸರು ಅಂಟಿಕೊಳ್ತು. ಗರ್ಭಕೋಶದಲ್ಲಿರೋವು ಅದೇ ಮನೆತನದವು, ಆದ್ರೆ ಕಸುಬು ಬೇರೆ. ಬಸಿರು ನಿಂತ ಶುರುವಿನಲ್ಲಿ ಅಲ್ಲಿ ಗುಂಪು ಸೇರ್ತವೆ. ರಕ್ತನಾಳದ ಗೋಡೆ ಬಿಗಿಯಾಗಿರುತ್ತಲ್ಲ, ಅದನ್ನ ಸಡಿಲಿಸಿ ಅಗಲ ಮಾಡೋಕೆ ಕೈ ಹಾಕ್ತವೆ. ಮಗೂಗೆ ರಕ್ತ ಧಾರಾಳವಾಗಿ ಹರೀಲಿ ಅಂತ."

"ಬಿಚ್ಚೋ ಕೆಲಸ," ಎಂದಳು ಅವಳು. "ನಾನು ಮಾಡೋದೂ ಅದೇ. ಬಿಗಿ ಇರೋ ಕಡೆ ಹೊಲಿಗೆ ಬಿಚ್ಚಿ ಜಾಗ ಮಾಡೋದು."

ಡಾಕ್ಟರಮ್ಮನಿಗೆ ನಗು ಬಂತು. "ಹೆಚ್ಚುಕಡಿಮೆ ಹಾಗೇ ಅನ್ನಿ. ನಮಗೆ ತಿಳೀದೇ ಇರೋದು ಇನ್ನೂ ಬೇಕಾದಷ್ಟಿದೆ. ಆದ್ರೆ ತೋಳಿನ ರಕ್ತ ನೋಡಿ ಒಳಗಿನ ಸಂಗತಿ ಹೇಳೋಕಾಗಲ್ಲ. ಆ ಡ್ರಿಪ್ಪಿನಿಂದ ಮಗು ಉಳಿಯುತ್ತೆ ಅನ್ನೋದಕ್ಕೂ ಗಟ್ಟಿ ಆಧಾರ ಇಲ್ಲ."

"ಮತ್ತೆ ಎರಡು ಯಾಕೆ ಹೋದವು?"

"ಗೊತ್ತಿಲ್ಲಮ್ಮ. ಇದು ನಿಲ್ಲುತ್ತೆ ಅಂತ ಮಾತು ಕೊಡೋಕೂ ಆಗಲ್ಲ. ನೀವು ಯಾವ ತಪ್ಪೂ ಮಾಡಿಲ್ಲ, ಅಷ್ಟು ಹೇಳಬಲ್ಲೆ."

ಗೊತ್ತಿಲ್ಲ ಎಂಬ ಮಾತು ಇಷ್ಟು ತಂಪಾಗಿರಬಲ್ಲದೆಂದು ಅವಳಿಗೆ ಅವತ್ತೇ ತಿಳಿದದ್ದು.

ಡ್ರಿಪ್ ಹಾಕಿಸುವ ದಿನ ಅತ್ತೆ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದರು. ಬಿಚ್ಚಮ್ಮ ಕುರ್ಚಿಯಿಂದ ಏಳಲಿಲ್ಲ.

"ನಾನು ಬರಲ್ಲ." ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು.

"ಮಗು ಬೇಡವಾ ನಿಂಗೆ?"

"ನಿಮಗಿಂತ ಜಾಸ್ತಿ ಬೇಕು. ಒಳಗೆ ಕೆಲಸ ಮಾಡ್ತಿರೋರನ್ನ ಹೆಸರು ಕೇಳಿ ಓಡಿಸೋಕೆ ನಾನು ಒಪ್ಪಲ್ಲ."

"ಇದೂ ಹೋದ್ರೆ?"

"ಹೋದ್ರೆ ಅಳ್ತೀನಿ. ಮೊದಲಿನ ಎರಡಕ್ಕೂ ಅತ್ತಿದೀನಿ, ನೀವೇ ನೋಡಿದೀರಿ. ಕೊಂದವರು ಹಾಗೆ ಅಳ್ತಾರಾ ಅತ್ತೆ?"

ಅತ್ತೆ ತಿರುಗಿ ಮಗನ ಮುಖ ನೋಡಿದರು. ಮಗನಿಗೆ ಅವತ್ತು ಬಾಯಿ ಸಿಕ್ಕಿತ್ತು. "ಅಮ್ಮಾ, ಬರಲ್ಲ ಅಂದಳಲ್ಲ," ಎಂದ. ಅಷ್ಟೇ ಎಂದದ್ದು, ಆದರೆ ಎದ್ದು ಬಂದು ಹೆಂಡತಿಯ ಕುರ್ಚಿಯ ಪಕ್ಕ ನಿಂತುಕೊಂಡ.

ಆಮೇಲೆ ಅತ್ತೆ ಸೊಸೆ ಮಾತು ಬಿಟ್ಟರು. ಆದರೂ ಹೆರಿಗೆ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಇದ್ದ ದಿನ ಅತ್ತೆ ಕರೆಯದೇ ಹೊರಟು ಬಂದರು. ಗಂಡ ಚೀಟಿ ಮಾಡಿಸಲು ಕ್ಯೂ ನಿಂತಿದ್ದ. ಇವರಿಬ್ಬರೂ ಸ್ಕ್ಯಾನಿಂಗ್ ಕೋಣೆಯ ಎದುರಿನ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ನರ್ಸು ಬಾಗಿಲು ತೆಗೆದು ಬನ್ನಿ ಎಂದಳು. ಬಿಚ್ಚಮ್ಮ ಎದ್ದಳು, ಒಳಗೆ ಹೋಗಲಿಲ್ಲ.

"ಆ ಮಾತು ವಾಪಸ್ ತಗೊಳ್ಳಿ ಅತ್ತೆ."

"ಮೊದಲು ಹೋಗಿ ಬಾ. ಎಲ್ಲ ಸರಿಯಿದ್ರೆ ನಾನೇ..."

"ಸರಿಯಿದ್ರೆ ಯಾರು ಬೇಕಾದ್ರೂ ತಗೋತಾರೆ. ನಂಗೆ ಅದು ಬೇಡ. ಒಳಗೆ ಏನಿದೆ ಅಂತ ನಿಮಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಈಗ ತಗೊಳ್ಳಿ."

ನರ್ಸು ಇನ್ನೊಮ್ಮೆ ಕರೆದಳು. ಬಿಚ್ಚಮ್ಮ ಕದಲಲಿಲ್ಲ. ಅತ್ತೆಯ ಕೈ ಕೋಟಿನ ತೋಳಿನ ಹೊಲಿಗೆಯ ಮೇಲೆ ಸುಮ್ಮನೆ ಆಡಿತು. ಆಮೇಲೆ ಅವರು ಮೊಣಕಾಲು ಹಿಡಿದುಕೊಂಡು ಎದ್ದು ಹತ್ತಿರ ಬಂದರು.

"ತಗೊಂಡೆ," ಎಂದರು.

"ಎರಡಕ್ಕೂ ಸೇರಿಸಿ?"

"ಎರಡಕ್ಕೂ ಸೇರಿಸಿ." ಅತ್ತೆ ಸೊಸೆಯ ಹೊಟ್ಟೆಯತ್ತ ನೋಡಿದರು. "ಇದು ಹೇಗೇ ಆಗಲಿ, ಇದಕ್ಕೂ ಸೇರಿಸಿ."

ಬಿಚ್ಚಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದಳು.